ಹೊಂಗೆಯ ಪಾಳಿ

ಮಕ್ಕಳು ನಾಲ್ಕು ಗೋಡೆಗಳ ಒಳಗಿಗಿಂತ ಬಯಲಿನಲ್ಲಿ ಚೆನ್ನಾಗಿ ಕಲಿಯುತ್ತಾರೆ ಎಂಬ ಮಾತನ್ನು ನಾನು ಮೊದಲ ಸಲ ಗಟ್ಟಿಯಾಗಿ ಆಡಿದ್ದು ಧಾರವಾಡದ ಕಾಲೇಜಿನ ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ. ವಿಷಯದ ಪರ ಯಾರು, ವಿರುದ್ಧ ಯಾರು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದ ಕಾಲ. ನನಗೆ ‘ಪರ’ ಬಂದಿತ್ತು. ‘ವಿರುದ್ಧ’ ಬಂದಿದ್ದರೂ ಅಷ್ಟೇ ಆವೇಶದಿಂದ ಮಾತಾಡುತ್ತಿದ್ದೆ. ಆ ವಾದ ನನ್ನ ನಂಬಿಕೆಯಾದದ್ದು ಬಹಳ ವರ್ಷಗಳ ನಂತರ, ಪುಣೆಯ ದಕ್ಷಿಣದ ಅಂಚಿನಲ್ಲಿ, ಕಾತ್ರಜದ ಗುಡ್ಡದ ಒಂದು ಇಳಿಜಾರಿನಲ್ಲಿ. ಅದಕ್ಕೆ ಕಾರಣ ಬಾಯಿ ತೆರೆಯದ ಒಬ್ಬ ಹುಡುಗಿ ಮತ್ತು ಬಾಯಿ ಮುಚ್ಚದ ಒಬ್ಬ ಅಜ್ಜಿ.

ನಮ್ಮ ಮನೆ ಬಿಬವೇವಾಡಿಯಲ್ಲಿ. ಅಲ್ಲಿಂದ ಕಾತ್ರಜದ ಬಸ್ಸು ಹಿಡಿದು, ನಿಲ್ದಾಣಕ್ಕಿಂತ ಸ್ವಲ್ಪ ಮೊದಲೇ ಇಳಿದು ಗುಡ್ಡದ ಕಡೆ ನಡೆದರೆ ತಗಡಿನ ಮನೆಗಳ ಒಂದು ವಸತಿ ಸಿಗುತ್ತದೆ. ಯಾದಗಿರಿ, ಕಲಬುರಗಿಯ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಅಲ್ಲಿ ನೆಲೆಸಿವೆ. ಮಕ್ಕಳು ಹಗಲು ಮರಾಠಿ ಶಾಲೆಗೆ ಹೋಗುತ್ತಾರೆ. ಮನೆಯ ಮಾತನ್ನು ಓದಲು ಕಲಿತ ಮಗು ಹೊರಗಿನ ಮಾತನ್ನೂ ಬೇಗ ಕಲಿಯುತ್ತದೆ ಎಂಬುದು ನನ್ನ ನಿಲುವು. ಆ ನಿಲುವನ್ನು ಹೊತ್ತುಕೊಂಡೇ ನಾನು ಅಲ್ಲಿ ಸಂಜೆಯ ಕನ್ನಡ ತರಗತಿ ಆರಂಭಿಸಿದ್ದೆ. ಬೇಸಿಗೆಯಲ್ಲಿ ಕಾದ ಹಂಚು, ಮಳೆಗಾಲದಲ್ಲಿ ತಮಟೆ: ನಮಗೆ ಸಿಕ್ಕಿದ್ದ ತಗಡಿನ ಕೋಣೆಯ ವರ್ಣನೆಗೆ ಇಷ್ಟು ಸಾಕು.

ಆ ಕೋಣೆಯ ಮೂಲೆಯಲ್ಲಿ ಒಂಬತ್ತು ವರ್ಷದ ಹುಡುಗಿ ಕೂರುತ್ತಿದ್ದಳು. ದಿನವೂ ಬರುತ್ತಿದ್ದಳು, ದಿನವೂ ಸುಮ್ಮನಿರುತ್ತಿದ್ದಳು. ಓದು ಎಂದರೆ ಬಳಪದ ಪಾಟಿಯ ಮೇಲೆ ಕಣ್ಣಿಟ್ಟು ಹಾಗೆಯೇ ಉಳಿದುಬಿಡುವಳು. ಒಮ್ಮೆ ‘ಗಸಗಸೆ’ ಎಂಬುದನ್ನು ತಪ್ಪಾಗಿ ಓದಿದಾಗ ಇಡೀ ಕೋಣೆ ನಕ್ಕಿತ್ತು; ಆ ನಗು ತಗಡಿಗೆ ಬಡಿದು ಎರಡರಷ್ಟಾಗಿ ಅವಳ ಮೇಲೆ ಬಿದ್ದಿತ್ತು. ಅಂದಿನಿಂದ ಅವಳ ದನಿ ಕೇಳಿದವರಿಲ್ಲ.

ಮುಂಗಾರಿನ ಆರಂಭದಲ್ಲಿ ಅವಳ ತಾಯಿ ಕೆಲಸದಿಂದ ನೇರವಾಗಿ ನನ್ನ ಹತ್ತಿರ ಬಂದಳು. ಮೊಣಕೈವರೆಗೆ ಸಿಮೆಂಟು ಹಾಗೇ ಇತ್ತು.

“ಅಕ್ಕಾರ, ಖರೇ ಹೇಳ್ರಿ. ಇಕಿಗಿ ಓದಾಕ ಬರ್ತದೋ ಇಲ್ಲೋ?”

“ಬರ್ತದ್ರಿ. ಸ್ವಲ್ಪ ಟೈಮ್ ಬೇಕು.”

“ಟೈಮ್ ನನ್ನ ಹಂತ್ಯಾಕ ಇಲ್ರಿ. ಸಣ್ಣ ಕೂಸು ಈಗ ಹರಿದಾಡ್ತದ. ಸೈಟಿನ್ಯಾಗ ಎಲ್ಲಿ ನೋಡಿದ್ರೂ ಕಬ್ಬಿಣದ ಸಳಿ, ಗುಂಡಿ. ಈಗೇನೋ ನಾದಿನಿ ನೋಡ್ಕೋತಾಳ. ದೀಪಾವಳಿಗಿ ಆಕಿ ಊರಿಗಿ ಹೋದ್ರ ಮುಂದ ಯಾರು? ಇಕಿ ಸಾಲ್ಯಾಗೂ ಸುಮ್ನ ಕುಂದ್ರತಾಳ, ಇಲ್ಲೂ ಸುಮ್ನ ಕುಂದ್ರತಾಳ. ಸುಮ್ನ ಕುಂದ್ರೂದಾದ್ರ ಸೈಟಿನ್ಯಾಗೇ ಕುಂತು ತಮ್ಮನ್ನ ಕಾಯ್ಲಿ.”

ನಾನು ಮಗುವಿನ ಶಿಕ್ಷಣದ ಹಕ್ಕಿನ ಬಗ್ಗೆ ಮಾತಾಡಿದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. ಕಬ್ಬಿಣದ ಸಲಾಕೆಗಳ ನಡುವೆ ಅಂಬೆಗಾಲಿಡುವ ಕೂಸಿನ ಬಗ್ಗೆ ಮಾತ್ರ ನನ್ನ ಮಾತಿನಲ್ಲಿ ಉತ್ತರವಿರಲಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಾಯಿತು. ಕೊನೆಗೆ ಅವಳೇ ಗಡುವು ಹಾಕಿದಳು: “ದೀಪಾವಳಿಗಿ ನನ್ನ ಮುಂದ ಓದಿ ತೋರಸ್ಲಿ. ಓದಿದ್ರ ಸಾಲಿ. ಓದಲಿಲ್ಲಂದ್ರ ನನ್ನ ಮತ್ತ ಕೇಳಬ್ಯಾಡ್ರಿ.” ನ್ಯಾಯವಾದ ಷರತ್ತು. ನಾನು ಒಪ್ಪಿದೆ.

ವಸತಿಯ ಹಿಂದಿನ ಇಳಿಜಾರಿನಲ್ಲಿ ಗಿಡ ನೆಡುವ ಯೋಚನೆ ಅದಕ್ಕೂ ಮೊದಲಿನದು. ಪರವಾನಗಿ ಸಿಕ್ಕಿತ್ತು. ಬಿಬವೇವಾಡಿಯ ನಮ್ಮ ಕಡೆಯ ವ್ಯಾಪಾರಿಗಳು ಬೇಲಿಗೆ ಬಿದಿರು ಕೊಡಿಸಿದ್ದರು. ಎದುರಿನ ಅಪಾರ್ಟ್‌ಮೆಂಟ್ ಸೊಸೈಟಿಯವರು ಗುದ್ದಲಿಗಿಂತ ಹೆಚ್ಚು ಕ್ಯಾಮೆರಾ ತಂದರೂ, ಬಂದವರು ಮಧ್ಯಾಹ್ನದವರೆಗೆ ನಿಂತು ಗುಂಡಿ ತೋಡಿದರು. ಬೇವು, ಹೊಂಗೆ, ನೇರಳೆ, ಅತ್ತಿ, ಹುಣಸೆ: ಈ ಕಲ್ಲುನೆಲವನ್ನು ತಾಳಿಕೊಳ್ಳುವ ಗಿಡಗಳನ್ನೇ ಆರಿಸಿದ್ದೆವು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಫಲಕ ಮಾಡಿ, ಮೇಲೆ ಕನ್ನಡದ ಹೆಸರು, ಕೆಳಗೆ ಮರಾಠಿಯ ಹೆಸರು ಬರೆದೆವು.

ಆ ಮೂಲೆಯ ಹುಡುಗಿ ಅಂದು ಒಂದು ಸಸಿಯ ಬುಡಕ್ಕೆ ಮಣ್ಣು ಒತ್ತುತ್ತ ಕುಳಿತಿದ್ದಳು. ನಾನು ದಾಟಿ ಹೋಗುವಾಗ ತಲೆ ಎತ್ತದೆ ಕೇಳಿದಳು: “ಇದಕ ಏನಂತಾರ್ರಿ?”

“ಹೊಂಗೆ.”

“‘ಹೊ’ ಹಿಂಗೇನ್ರಿ?” ಎಂದು ಒದ್ದೆ ಮಣ್ಣಿನಲ್ಲಿ ಬೆರಳಾಡಿಸಿದಳು. ಅಕ್ಷರ ಸರಿಯಾಗಿತ್ತು. ಅವಳಿಗೆ ಅಕ್ಷರ ಮೊದಲಿನಿಂದಲೂ ಬರುತ್ತಿತ್ತು. ಬೇಕಾಗಿದ್ದದ್ದು ಕೇಳಲು ಒಂದು ಪ್ರಶ್ನೆ.

ಮರುದಿನದಿಂದ ತರಗತಿಯನ್ನು ಇಳಿಜಾರಿಗೆ ಒಯ್ದೆ. ವಸತಿಯಲ್ಲಿ ಇದಕ್ಕೆ ‘ಮಂಗ್ಯಾನ ಸಾಲಿ’ ಎಂಬ ಹೆಸರು ಬಿತ್ತು. ಬೀಳಲಿ ಎಂದುಕೊಂಡೆ. ಒಳಗೆ ಒಂದು ಮಗು ತಪ್ಪಿ ಓದಿದರೆ ಎಲ್ಲರ ಕಿವಿಗೂ ಬೀಳುತ್ತದೆ. ಹೊರಗೆ ಅದೇ ಮಗು ತನ್ನ ಗಿಡದ ಮುಂದೆ ಕುಳಿತು ಹತ್ತು ಸಲ ತಪ್ಪಿ ಓದಬಹುದು, ಗಾಳಿ ಆ ತಪ್ಪನ್ನು ಒಯ್ದುಬಿಡುತ್ತದೆ. ಒಳಗೆ ‘ಚಿಗುರು’ ಎಂದರೆ ಒತ್ತಿಲ್ಲದ ಮೂರಕ್ಷರ; ಹೊರಗೆ ಅದು ನಿನ್ನೆ ಇಲ್ಲದ, ಇಂದು ಇರುವ ಒಂದು ವಸ್ತು. ಮಕ್ಕಳು ಎಲೆ ಕಿತ್ತು ಪಾಟಿಯ ಮೇಲಿಟ್ಟು ಅಂಚು ಬರೆದರು. ದಾರ ಹಿಡಿದು ಕಾಂಡ ಅಳೆದರು. ಇರುವೆಯ ಸಾಲಿನ ಹಿಂದೆ ಹೋಗಿ ಅದು ಎಲ್ಲಿಂದ ಬಂತೆಂದು ಒಂದೊಂದು ಸಾಲು ಬರೆದರು. ಹುಡುಗಿ ಹೊಂಗೆಯ ಮುಂದೆ ಕುಳಿತು, ನನಗೆ ಬೆನ್ನು ಹಾಕಿ, ಗಿಡಕ್ಕೆ ಕೇಳುವಷ್ಟೇ ದನಿಯಲ್ಲಿ ಓದತೊಡಗಿದಳು. ನಾನು ಹತ್ತಿರ ಹೋಗಲಿಲ್ಲ. ದೀಪಾವಳಿ ದೂರವಿತ್ತು, ಮತ್ತು ನನಗೆ ಗೆಲ್ಲುವ ಭರವಸೆಯಿತ್ತು.

ಆಗ ಆ ಜಾಗಕ್ಕೆ ಟೆಂಪೋಗಳು ಬರಲಾರಂಭಿಸಿದವು. ಎಲ್ಲೋ ಕೆಡವಿದ ಮನೆಯ ಇಟ್ಟಿಗೆ ಚೂರು, ಒಡೆದ ಫರ್ಶಿಕಲ್ಲು, ಪುಣೆಯವರು ‘ರಾಡಾರೋಡಾ’ ಎನ್ನುವ ಆ ಕಸವನ್ನು ಇಳಿಜಾರಿನ ಮೇಲಿನ ರಸ್ತೆಯಿಂದ ಸುರಿದು ಹೋಗುತ್ತಿದ್ದರು. ಒಂದು ಬೆಳಿಗ್ಗೆ ನೇರಳೆಯ ಸಸಿಗಳು ಅದರಡಿ ಮುರಿದು ಬಿದ್ದಿದ್ದವು. ಬರೆಯಬೇಕಾದ ಕಡೆಗೆಲ್ಲ ನಾನು ಬರೆದೆ. ಫಲಕ ಹಾಕಿಸಿದೆ. ಟೆಂಪೋ ಚಾಲಕರ ಮುಂದೆ ನಿಂತು ಶುದ್ಧ ಮರಾಠಿಯಲ್ಲಿ ನಾಗರಿಕ ಕರ್ತವ್ಯವನ್ನು ವಿವರಿಸಿದೆ. “ಹೋ, ತಾಯಿ” ಎಂದು ಅವರು ವಿನಯದಿಂದ ತಲೆಯಾಡಿಸಿ ಮರುದಿನ ಮತ್ತೆ ಬಂದರು.

ಇದನ್ನು ನಿಲ್ಲಿಸಿದ್ದು ಆ ಅಜ್ಜಿ. ವಸತಿಯ ಹಿರಿಯಳು, ಮೊದಲು ತಾನೂ ಬುಟ್ಟಿ ಹೊತ್ತವಳು, ಈಗ ಒಂಟಿ ಗಂಡಾಳುಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಾಳೆ. ಅಲ್ಲಿನ ಎಲ್ಲರೂ ಅವಳನ್ನು ಆಯಿ ಎನ್ನುತ್ತಾರೆ. ಆ ಕಡೆಯ ಮಾತಿನಲ್ಲಿ ಅಜ್ಜಿ ಎಂದರ್ಥ. ಸೋಮವತಿ ಅಮಾವಾಸ್ಯೆಗೆ ವಸತಿಯವರು ಎರಡು ಟೆಂಪೋ ಮಾಡಿಕೊಂಡು ಜೇಜುರಿಗೆ ಹೋದರು. ಪುಣೆಯವರ ಖಂಡೋಬಾ ಅವರ ಪಾಲಿಗೆ ಊರಿನ ಮೈಲಾರಲಿಂಗನೇ. ಅಲ್ಲಿಂದ ಚೀಲ ತುಂಬ ಭಂಡಾರ ತಂದರು. ದೇವರ ಮೇಲೆ ಎರಚುವ ಅರಿಶಿನದ ಪುಡಿ. ಆಯಿ ಮುಂದೆ ನಿಂತು ಪ್ರತಿ ಗಿಡದ ಕಾಂಡಕ್ಕೂ, ಬಿದಿರ ಬೇಲಿಗೂ, ನನ್ನ ಫಲಕಗಳಿಗೂ ಅದನ್ನು ಹಚ್ಚಿಸಿದಳು. ಬುಡದಲ್ಲಿ ಒಂದೊಂದು ಕಲ್ಲು ನೆಟ್ಟು ಅದಕ್ಕೂ ಬಳಿಸಿದಳು.

ನಾನು ಮರುದಿನ ಸಂಜೆ ಹೋದಾಗ ಇಳಿಜಾರು ಪೂರ್ತಿ ಹಳದಿ. ಮೇಲಿನ ರಸ್ತೆಯಲ್ಲಿ ಒಂದು ಟೆಂಪೋ ಬಂದು ನಿಂತಿತು. ಚಾಲಕ ಇಳಿದು ನೋಡಿದ, ಚಪ್ಪಲಿ ಬಿಟ್ಟು ಕೈ ಮುಗಿದ, ಕಸ ತುಂಬಿದ ಗಾಡಿಯನ್ನು ಹಾಗೆಯೇ ತಿರುಗಿಸಿಕೊಂಡು ಹೋದ. ಅಂದಿನಿಂದ ಒಂದು ಇಟ್ಟಿಗೆಯೂ ಬೀಳಲಿಲ್ಲ.

ನನಗಾದ ಸಂತೋಷ ಐದು ನಿಮಿಷವೂ ಉಳಿಯಲಿಲ್ಲ. ಮಕ್ಕಳನ್ನು ಕರೆದುಕೊಂಡು ಇಳಿಜಾರಿನ ಕಡೆ ಹೊರಟರೆ ಆಯಿ ದಾರಿಗೆ ಅಡ್ಡ ನಿಂತಿದ್ದಳು.

“ಎಲ್ಲಿಗಿ ಅಕ್ಕಾರ, ಮಂಗ್ಯಾನ ದಂಡು ಕಟ್ಟಿಕೊಂಡು?”

“ಪಾಠಕ್ಕ, ಆಯಿ.”

“ಇನ್ನ ಅಲ್ಲಿ ಪಾಠ ಇಲ್ರಿ. ಭಂಡಾರ ಬಿದ್ದ ಮ್ಯಾಲ ಅವು ದೇವರ ಗಿಡ. ಹುಡುಗ್ರು ಎಲಿ ಹರೀತಾರ, ದಾರ ಸುತ್ತತಾರ, ಮೂಗಿನ್ಯಾಗ ಕೈ ಹಾಕಿ ಅದೇ ಕೈಲೆ ಮುಟ್ಟತಾರ. ದೂರಿಂದ ಕೈ ಮುಗಿಸ್ರಿ, ಸಾಕು.”

ಮಕ್ಕಳ ತಂದೆತಾಯಿಯರೂ ಅವಳ ಪರವಾಗಿದ್ದರು. ತಮ್ಮ ಕೈಯಿಂದಲೇ ದೇವರಾದ ಗಿಡಕ್ಕೆ ತಮ್ಮ ಮಕ್ಕಳಿಂದಲೇ ಅಪಚಾರವಾಗುವುದು ಯಾರಿಗೂ ಬೇಕಿರಲಿಲ್ಲ. ಕಸದಿಂದ ಗಿಡಗಳು ಉಳಿದವು, ಮಕ್ಕಳ ಕೈಯಿಂದ ತಪ್ಪಿಹೋದವು. ನಾವು ಮತ್ತೆ ತಗಡಿನ ಕೋಣೆ ಸೇರಿದೆವು. ಹುಡುಗಿ ಮತ್ತೆ ತನ್ನ ಮೂಲೆ ಸೇರಿದಳು. ಓದು ಎಂದರೆ ಪಾಟಿಯ ಮೇಲೆ ಕಣ್ಣು, ಮುಚ್ಚಿದ ಬಾಯಿ. ದೀಪಾವಳಿ ಈಗ ದೂರವಿರಲಿಲ್ಲ.

ಆ ದಿನಗಳಲ್ಲಿ ನಾನು ಮನಸ್ಸಿನಲ್ಲೇ ಎಷ್ಟೋ ಭಾಷಣ ಕಟ್ಟಿದೆ, ಕಟ್ಟಿದ್ದನ್ನು ಬಿಚ್ಚಿದೆ. ನಂಬಿಕೆಯನ್ನು ಅಲ್ಲಗಳೆಯುವ ವಾದ ಎಲ್ಲಕ್ಕಿಂತ ಸುಲಭವಾಗಿತ್ತು. ಅದಕ್ಕೇ ಅದನ್ನು ಮೊದಲು ಕೈಬಿಟ್ಟೆ. ನನ್ನ ಅರ್ಜಿಗಳಿಗೆ ನಿಲ್ಲದ ಟೆಂಪೋ ಆ ಹಳದಿಗೆ ನಿಂತಿತ್ತು. ಅದನ್ನು ಕಣ್ಣಾರೆ ನೋಡಿಯೂ ಆಯಿಯ ಕೆಲಸವನ್ನು ಹಗುರ ಮಾಡುವುದು ಪ್ರಾಮಾಣಿಕವಲ್ಲ. ಎದುರಾಳಿಯ ಮಾತಿನಲ್ಲಿ ಸತ್ಯವಿದ್ದರೆ ಅದನ್ನು ಒಪ್ಪಿಕೊಂಡು, ಅದರ ಮೇಲೆಯೇ ನಿಂತು ಮುಂದಿನ ಪ್ರಶ್ನೆ ಕೇಳಬೇಕು. ಕಾಲೇಜಿನಲ್ಲಿ ಇದನ್ನು ಒಂದು ತಂತ್ರವೆಂದು ಕಲಿತಿದ್ದೆ. ಅದು ಸಭ್ಯತೆಯೂ ಹೌದೆಂದು ಇಲ್ಲಿ ತಿಳಿಯಿತು.

ಅಷ್ಟರಲ್ಲಿ ಮಳೆ ನಿಂತಿತು. ಪುಣೆಯ ಅಕ್ಟೋಬರ್ ಬಿಸಿಲು ಏರಿತು. ಕೋಣೆಯ ಕಿಟಕಿಯಿಂದ ನೋಡುತ್ತಿದ್ದ ಹುಡುಗಿ ಒಂದು ಸಂಜೆ ನನ್ನ ಸೆರಗು ಜಗ್ಗಿ, ಹೊರಗೆ ಬೆರಳು ತೋರಿಸಿದಳು. ಹೊಂಗೆಯ ಎಲೆಗಳು ಜೋತುಬಿದ್ದಿದ್ದವು. ಕೈ ಮುಗಿಯುವವರೆಲ್ಲ ದೂರದಿಂದ ಮುಗಿದು ಹೋಗುತ್ತಿದ್ದರು. ಮುಟ್ಟಲು ಅಂಜಿಕೊಂಡು ಯಾರೂ ಪಾತಿ ಸಡಿಲಿಸಿರಲಿಲ್ಲ, ನೀರು ಹಾಕಿರಲಿಲ್ಲ.

ಭಾನುವಾರ ಬೆಳಿಗ್ಗೆ ವಸತಿಯವರನ್ನು ಇಳಿಜಾರಿನ ಅಂಚಿಗೆ ಕರೆದೆ. ಚಪ್ಪಲಿ ಬಿಟ್ಟು ಕೂತೆವು. ಹುಡುಗಿಯ ತಾಯಿಯೂ ಮಡಿಲಲ್ಲಿ ಕೂಸನ್ನು ಇಟ್ಟುಕೊಂಡು ಬಂದಿದ್ದಳು. ಆಯಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಎದುರಿಗೆ ಕುಳಿತಳು.

“ಆಯಿ, ಗಿಡ ದೇವರದು ಅಂತ ನಾನೂ ಒಪ್ಪತೇನಿ” ಎಂದು ಆರಂಭಿಸಿದೆ.

“ಒಪ್ಪಿದ್ರ ಮುಗೀತಲ್ಲ. ಚಾ ಕುಡೀರಿ.”

“ಒಂದು ಮಾತು ಕೇಳಬೇಕಿತ್ರಿ. ನಿಮ್ಮೂರಾಗ ಮೈಲಾರಪ್ಪನ ಗುಡಿ ಅದ ಅಂದಿದ್ರಿ. ಅಲ್ಲಿ ದಿನಾ ದೇವರಿಗೆ ನೀರು ಯಾರು ಹಾಕ್ತಾರ್ರಿ?”

“ಪಾಳಿ ಇದ್ದವರು. ಒಂದು ವಾರ ನಮ್ಮ ಮನಿ, ಮುಂದಿನ ವಾರ ಮಗ್ಗಲ ಮನಿ.”

“ಪಾಳಿ ಇದ್ದವರು ದೇವರನ್ನ ಮುಟ್ಟತಾರೇನ್ರಿ?”

“ಮುಟ್ಟಲಾರದ ಹ್ಯಾಂಗ ತೊಳೀತಾರ? ಪೈಪ್ ಹಿಡಿದು ದೂರಿಂದ ಹೊಡೀಬೇಕೇನು?”

ಜನ ನಕ್ಕರು. ನಾನು ನಗು ಅಡಗುವವರೆಗೆ ಕಾದು ಕೇಳಿದೆ: “ಹಂಗಾರ ಈ ಗಿಡಗೋಳ ಪಾಳಿ ಯಾರದ್ರಿ?”

ಆಯಿ ತಿರುಗಿ ಹೊಂಗೆಯನ್ನು ನೋಡಿದಳು, ಆಮೇಲೆ ಬೇವನ್ನು, ಅತ್ತಿಯನ್ನು. ಅವಳು ಮುಚ್ಚಿಡುವ ಹೆಂಗಸಲ್ಲ.

“ಮಳಿ ಇತ್ತಲ್ರಿ,” ಎಂದಳು. “ಇಷ್ಟು ದಿನ ಮಳಿದೇ ಪಾಳಿ.”

“ಮಳಿ ಈಗ ಊರಿಗೆ ಹೋಗೇದ, ಆಯಿ.”

“ಅಕ್ಕಾರು ತಪ್ಪಿ ಸಾಲಿಗಿ ಬಂದಾರ, ಕೋರ್ಟಿಗಿ ಹೋಗಬೇಕಿತ್ತು” ಎಂದು ಹಿಂದಿನಿಂದ ಒಬ್ಬ ತಂದೆ ಅಂದ.

ನಾನು ಬಿಡಲಿಲ್ಲ. ನೆಟ್ಟವರು ಮಕ್ಕಳು, ಮಕ್ಕಳಿಗೇ ಪಾಳಿ ಕೊಡಿ. ಯಾರ ಪಾಳಿಯೋ ಅವರು ಕೈ ತೊಳೆದು, ಬರಿಗಾಲಲ್ಲಿ ಹೋಗಿ ನೀರು ಹಾಕಲಿ, ಪಾತಿ ಮಾಡಲಿ, ಅಲ್ಲೇ ಕುಳಿತು ಓದಲಿ. ಎಲೆ ಕೀಳುವುದಿಲ್ಲ, ತಾನಾಗಿ ಬಿದ್ದದ್ದನ್ನು ಮಾತ್ರ ಆರಿಸಿಕೊಳ್ಳುತ್ತಾರೆ.

“ಬಿದ್ದದ್ದು ಅಡ್ಡಿಯಿಲ್ಲ. ಅದು ಅವನೇ ಕೊಟ್ಟಂಗ” ಎಂದು ಆಯಿ ಒಪ್ಪಿದಳು. ಆಮೇಲೆ ಬೆರಳೆತ್ತಿದಳು. “ಆದ್ರ ಪಾಳಿ ಅಂದ್ರ ಪಾಳಿ. ಕೊಡ ಸುರುವಿ ಓಡಿ ಹೋಗೂದಲ್ಲ. ನಮ್ಮೂರಾಗ ಪಾಳಿಯವರು ಕಟ್ಟಿ ಮ್ಯಾಲ ನಿಂತು ಎಲ್ಲಾರಿಗೂ ಕೇಳೂವಂಗ ಒದರಬೇಕು: ಇವತ್ತು ಯಾರ ಪಾಳಿ, ದೇವರಿಗಿ ಏನಾತು, ಏನು ಕಡಿಮಿ ಬಿತ್ತು. ಇಲ್ಲೂ ಹಂಗೇ ಆಗಬೇಕು. ಹೇಳಾಕ ಆಗಲಿಲ್ಲಂದ್ರ ಪಾಳಿ ಇಲ್ಲ.”

ನಾನು ತಾಯಿಯ ಪಕ್ಕದಲ್ಲಿದ್ದ ಹುಡುಗಿಯತ್ತ ನೋಡಿದೆ. ಈ ಷರತ್ತು ಉಳಿದ ಮಕ್ಕಳಿಗೆ ಆಟ, ಅವಳಿಗೆ ಗೋಡೆ. ಒಪ್ಪಿದರೆ ಅವಳು ಪಾಳಿಯಿಂದ ಹೊರಗೆ ಉಳಿಯಬಹುದು. ಒಪ್ಪದಿದ್ದರೆ ಎಲ್ಲರೂ ಹೊರಗೆ. ಒಂದು ತಿದ್ದುಪಡಿ ಕೇಳಿದೆ: ಹೇಳುವುದನ್ನು ಪಾಟಿಯ ಮೇಲೆ ಬರೆದುಕೊಂಡು ಓದಬೇಕು. “ಬರಕೊಳ್ಳಿ, ಒದರಿದ್ರ ಆತು” ಎಂದಳು ಆಯಿ.

ಆಯಿ ಮಾತು ಮುಗಿಸುವ ಮೊದಲೇ ಹುಡುಗಿ ಎದ್ದು ಹೋಗಿ ಕೊಡ ತಂದಿದ್ದಳು. ಹೊಂಗೆಯ ಪಾತಿಯ ಮಣ್ಣನ್ನು ಬೆರಳಿನಿಂದ ಸಡಿಲಿಸಿ, ನೀರು ಹಾಕಿ, ಪಾಟಿಯ ಮೇಲೆ ಬಹಳ ಹೊತ್ತು ಬರೆದಳು. ಎದ್ದು ನಿಂತು ತುಟಿ ಅಲ್ಲಾಡಿಸಿದಳು. ಏನೂ ಕೇಳಿಸಲಿಲ್ಲ. ಯಾರೂ ನಗಲಿಲ್ಲ, ದೇವರ ಪಾಳಿಗೆ ನಗುವವರುಂಟೇ?

“ಮೈಲಾರಪ್ಪಗ ಕೇಳಿಸ್ತು, ನನಗ ಕೇಳಿಸಲಿಲ್ಲ,” ಎಂದಳು ಆಯಿ. “ನನ್ನ ಕಿವಿ ಮಂದ ಅವ. ಇನ್ನೊಮ್ಮಿ.”

“ಇವತ್ತು ನನ್ನ ಪಾಳಿ,” ಹುಡುಗಿ ಓದಿದಳು. “ಹೊಂಗೆಗೆ ನೀರು ಹಾಕಿದೆ. ಎಲೆ ಬಾಡಿವೆ. ನಾಳೆ ನೋಡಬೇಕು.”

ಆಯಿಯ ಕಿವಿ ಎಂದೂ ಮಂದವಿರಲಿಲ್ಲ. ವಸತಿಯ ಆ ತುದಿಯಲ್ಲಿ ಯಾರಾದರೂ ಅವಳ ರೊಟ್ಟಿಯನ್ನು ದೂರಿದರೆ ಈ ತುದಿಯಿಂದ ಉತ್ತರ ಕೊಡುವವಳು ಅವಳು.

ಅದಾದ ಮೇಲೆ ದಿನವೂ ಸಂಜೆ ಇಳಿಜಾರಿನಿಂದ ಮಕ್ಕಳ ದನಿ ಏಳುತ್ತಿತ್ತು. ಬೇವಿಗೆ ಹುಳು ಬಂದದ್ದು, ಅತ್ತಿಗೆ ಹೊಸ ಎಲೆ ಮೂಡಿದ್ದು, ಹುಣಸೆಯ ಪಾತಿಯನ್ನು ಕೋಳಿ ಕೆದರಿದ್ದು, ಎಲ್ಲವೂ ಸಾರ್ವಜನಿಕ ಸುದ್ದಿಯಾದವು. ಕೋಳಿಯ ಒಡತಿ ಬಂದು ಜಗಳವಾಡಿದಳು. ಆ ಜಗಳವನ್ನೂ ಮಕ್ಕಳು ಬರೆದು ಓದಿದರು. ಓದು ಅವರಿಗೆ ಒಬ್ಬರಿಗೊಬ್ಬರು ವರದಿ ಒಪ್ಪಿಸುವ ಕೆಲಸವಾಯಿತು. ಯಾವ ಪಠ್ಯಕ್ರಮವೂ ನನಗೆ ಕೊಡದಿದ್ದ ಪಾಠ ಅದು.

ದೀಪಾವಳಿಗೆ ಮುಂಚಿನ ಸಂಜೆ, ಊರಿಗೆ ಹೊರಟ ನಾದಿನಿಯ ಗಂಟು ಕಟ್ಟಿಟ್ಟಾದ ಮೇಲೆ, ಹುಡುಗಿಯ ತಾಯಿ ಕೆಲಸದಿಂದ ಬಂದು ಇಳಿಜಾರಿನ ಅಂಚಿನಲ್ಲಿ ನಿಂತಳು. ಆಯಿ ಕೂಸನ್ನು ಎತ್ತಿಕೊಂಡು ಪಕ್ಕದಲ್ಲಿದ್ದಳು. ಹುಡುಗಿ ತನ್ನ ಪಾಟಿಯನ್ನು ತಡವರಿಸದೆ ಓದಿದಳು. ನಾನು ತಾಯಿಯ ಮುಖ ನೋಡಿದೆ. ಅಲ್ಲಿ ಏನೂ ಬದಲಾಗಲಿಲ್ಲ.

“ಇದು ಆಕಿ ಬರದಿದ್ದು, ಆಕಿಗಿ ಗೊತ್ತಿದ್ದದ್ದು,” ಎಂದಳು. “ಬಾಯಿಪಾಠ ಇರಬಹುದು. ನಾ ಹೇಳಿದ್ದು ನೀವು ಬರೀರಿ ಅಕ್ಕಾರ. ಅದನ್ನ ಓದಲಿ.”

ಅವಳು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. ನಾನು ಮುಖದ ಗಾಂಭೀರ್ಯ ಕಾಪಾಡಿಕೊಂಡು, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಪಾಟಿಯನ್ನು ಹುಡುಗಿಯ ಕೈಗೆ ಕೊಟ್ಟೆ.

“ನಿನ್ನಿ… ನಿಮ್ಮಪ್ಪ,” ಎಂದು ಹುಡುಗಿ ಆರಂಭಿಸಿ, ತಾಯಿಯ ಕಡೆ ನೋಡಿ, ಮತ್ತೆ ಪಾಟಿಗೆ ಮರಳಿದಳು. “ಚಾ… ಚಾದಾಗ… ಸಕ್ರಿ ಅಂತ…” ಅಲ್ಲಿಗೆ ನಿಂತಳು. ತಾಯಿಯ ಕೈ ಕೂಸನ್ನು ತೆಗೆದುಕೊಳ್ಳಲು ಆಯಿಯ ಕಡೆ ಚಾಚಿತು. ಆಗ ನಾನು ಹುಡುಗಿಯ ಭುಜಗಳು ಅಲುಗುವುದನ್ನು ಕಂಡೆ. ಅವಳು ತೊಡರಿರಲಿಲ್ಲ, ಮುಂದಿನ ಪದವನ್ನು ಕಣ್ಣು ಆಗಲೇ ಓದಿಬಿಟ್ಟಿತ್ತು, ನಗು ಬಾಯಿಯನ್ನು ಬಿಡುತ್ತಿರಲಿಲ್ಲ.

“ಉಪ್ಪು ಹಾಕ್ಯಾನ,” ಎಂದು ಮುಗಿಸಿ ಪಾಟಿಯಲ್ಲಿ ಮುಖ ಮುಚ್ಚಿಕೊಂಡಳು. “ಖರೇನಾ, ಅವ್ವಾ?”

“ಖರೇ,” ಎಂದಳು ತಾಯಿ. “ಕುಡದೂ ಬಿಟ್ಟಾನ.” ಅದು ಅವಳ ತೀರ್ಪು. ನಂತರ ಅವಳ ಕಣ್ಣು ಕೂಸಿನ ಮೇಲೆ ಬಿತ್ತು. ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಇನ್ನೂ ಅಲ್ಲೇ ಇತ್ತು.

“ಇದನ್ನ ನನ್ನ ಹಂತ್ಯಾಕ ಬಿಟ್ಟು ಹೋಗು,” ಎಂದಳು ಆಯಿ. “ರೊಟ್ಟಿ ಬಡಿಯೂ ಮುಂದ ಒಂದು ಕಣ್ಣು ಇಡ್ತೀನಿ.”

“ಒಲಿ ಮುಂದ?”

“ಒಲಿ ಮುಂದ ಯಾರು ಬಿಡ್ತಾರ? ಆರು ಹಡದೀನಿ, ಒಂದನ್ನೂ ಸುಟ್ಟಿಲ್ಲ. ಸಾಲಿ ಬಿಟ್ಟ ಮ್ಯಾಲ ಇಕಿ ಬಂದು ನೋಡ್ಕೋಲಿ. ಅದೂ ಪಾಳಿನೇ.”

ತಾಯಿ ಬೇಡವೆನ್ನಲಿಲ್ಲ. ಹಬ್ಬ ಕಳೆದ ಮರುದಿನ ಅವಳು ಮಕ್ಕಳಿಬ್ಬರನ್ನೂ ಬಿಟ್ಟು ಒಬ್ಬಳೇ ಕೆಲಸಕ್ಕೆ ಹೋಗುವುದನ್ನು ನಾನು ನೋಡಿದೆ. ಓದಿಸಿದ ಆ ಸಂಜೆ ಮಾತ್ರ ಅವಳು ಪಾಟಿಯನ್ನು ಮಗಳ ಕೈಯಿಂದ ತೆಗೆದುಕೊಂಡು, ಅತ್ತಿತ್ತ ತಿರುಗಿಸಿ ಅದರ ಮೇಲಿನ ಅಕ್ಷರಗಳನ್ನು ನೋಡಿ, ಹೊಂಗೆಯ ಫಲಕದಲ್ಲಿ ಏನಿದೆಯೆಂದು ನೋಡಲು ಮುಂದೆ ಹೆಜ್ಜೆ ಇಟ್ಟಳು.

“ಅವ್ವಾ,” ಎಂದಳು ಹುಡುಗಿ, ವಸತಿಗೆಲ್ಲ ಕೇಳುವಂತೆ. “ಚಪ್ಲಿ.”

ತಾಯಿ ಹಿಂದೆ ಸರಿದು, ಚಪ್ಪಲಿ ಬಿಟ್ಟು, ಮಗಳ ಹಿಂದೆ ಒಳಗೆ ಹೋದಳು.